ಕರ್ವಾಲೋ ಜೋಯಿಡಾಕ್ಕೆ ಬಂದರೆ...

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಕಾದಂಬರಿ ಪ್ರಕಟವಾದದ್ದು 1980ರಲ್ಲಿ. ಓದಿದವರು ಅದರ ಕೊನೆಯ ಪುಟಗಳನ್ನು ಮರೆಯುವುದು ಕಷ್ಟ. ಕಾಡುಮೇಡು ಅಲೆದು ಅಂತೂ ಕಂಡುಹಿಡಿದ ಹಾರುವ ಓತಿ, ಇನ್ನೇನು ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಕಣಿವೆಯ ಆಳಕ್ಕೆ ತೇಲುತ್ತ ಹೋಗಿ ಕಣ್ಮರೆಯಾಗುತ್ತದೆ. ಪುಸ್ತಕ ಅಲ್ಲಿಗೆ ಮುಗಿಯಿತು. ಆದರೆ ಎಂಟನೆಯ ಇಯತ್ತೆಯ ಓದುಗರ ತಲೆಯಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೇನಾಯಿತು? ಓತಿ ಎಲ್ಲಿಗೆ ಹೋಯಿತು? ಮಂದಣ್ಣ ಮುಂದೆ ಏನು ಮಾಡಿದ?

ಈ ಪ್ರಶ್ನೆಯನ್ನು ಹಿಡಿದುಕೊಂಡು ಜೋಯಿಡಾ ಕಡೆಯ ಹುಡುಗಿಯೊಬ್ಬಳು ಗಣಿತದ ನೋಟುಬುಕ್ಕಿನ ಹಿಂಬದಿಯಿಂದ ಬರೆಯತೊಡಗಿದಳು ಎಂದಿಟ್ಟುಕೊಳ್ಳಿ. ಅವಳ ಕಥೆಯಲ್ಲಿ ಕರ್ವಾಲೋ ಸಾಹೇಬರೂ ಮಂದಣ್ಣನೂ ಓತಿಯನ್ನು ಹುಡುಕುತ್ತ ಕಾಳಿ ನದಿಯ ದಂಡೆಯ ಕಾಡಿಗೆ ಬರುತ್ತಾರೆ. ಓತಿ ಸಿಗುವುದಿಲ್ಲ, ಮಂಗಟ್ಟೆ ಹಕ್ಕಿಯ ಗೂಡು ಸಿಗುತ್ತದೆ. ಗೆಳತಿ ಚಿತ್ರ ಬರೆದುಕೊಡುತ್ತಾಳೆ. ಹಳಿಯಾಳದಲ್ಲಿರುವ ಅತ್ತೆಯ ಮಗ, ಮಾಲ್ಗುಡಿಯ ಸ್ವಾಮಿಯನ್ನು ದಾಂಡೇಲಿಯ ಕ್ರಿಕೆಟ್ ಮೈದಾನಕ್ಕೆ ಕರೆತಂದು ಇನ್ನೊಂದು ಕಥೆ ಸೇರಿಸುತ್ತಾನೆ. ಎಂಟು ಹಾಳೆ ಮಡಿಸಿ ದಾರದಿಂದ ಹೊಲಿದರೆ ಒಂದು ಕೈಬರಹದ ಪತ್ರಿಕೆ ಸಿದ್ಧ. ಅದು ಮಾಸ್ತರರ ಕಣ್ಣು ತಪ್ಪಿಸಿ, ಬೆಂಚಿನ ಕೆಳಗಿನಿಂದ ಕೈಯಿಂದ ಕೈಗೆ ಸಾಗುತ್ತದೆ.

ಅಷ್ಟರಲ್ಲಿ ಯಾರೋ ಒಬ್ಬರು ಹೆದರಿಸುತ್ತಾರೆ: 'ಮತ್ತೊಬ್ಬರ ಪಾತ್ರ ಕದ್ದರೆ ಕೋರ್ಟಿಗೆ ಎಳೀತಾರೆ ನೋಡು.' ಮನೆಯಲ್ಲಿ ಅಪ್ಪನಿಗೂ ಸುದ್ದಿ ಮುಟ್ಟುತ್ತದೆ. 'ಇಲ್ಲದ ಉಸಾಬರಿ ಬೇಡ, ಮೊದಲು ಲೆಕ್ಕ ಮಾಡು' ಎಂಬ ಬುದ್ಧಿಮಾತಿನೊಂದಿಗೆ ನೋಟುಬುಕ್ಕು ಮುಚ್ಚುತ್ತದೆ.

ಈ ಹೆದರಿಕೆಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡುವುದು ಒಳ್ಳೆಯದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿರುವ ಮಕ್ಕಳು ಬಹಳ. ಕೊಂಕಣಿ, ಮರಾಠಿ, ಉರ್ದು ಆಡುವ ಮನೆಗಳಿವೆ. ಕುಣಬಿ, ಗೌಳಿ, ಸಿದ್ದಿ ಸಮುದಾಯಗಳ ಮನೆಗಳಿವೆ. ಇಂಥ ಮಗುವಿಗೆ ಕನ್ನಡದಲ್ಲಿ 'ಸ್ವಂತ ಕಥೆ ಬರೆ' ಎಂದರೆ ಪೆನ್ನು ಓಡುವುದಿಲ್ಲ. ಆದರೆ ಓದಿ ಮೆಚ್ಚಿದ ಒಂದು ಪಾತ್ರವನ್ನು ಮುಂದಕ್ಕೆ ನಡೆಸು ಎಂದರೆ ಓಡುತ್ತದೆ. ಸೈಕಲ್ ಕಲಿಯುವಾಗ ಹಿಂದಿನಿಂದ ಯಾರೋ ಸೀಟು ಹಿಡಿದಂತೆ ಅದು. ಕಲಿತ ಮೇಲೆ ಆ ಕೈ ಬೇಕಾಗುವುದಿಲ್ಲ. ಕಲಿಯುವ ಮೊದಲೇ ಸೈಕಲ್ಲಿಗೆ ಬೀಗ ಹಾಕಿದರೆ ಮಾತ್ರ ನಷ್ಟ ಮಗುವಿನದು.

ವ್ಯಾಸರ ಕರ್ಣ, ಕಾರಂತರ ಅಭಿಮನ್ಯು

ಒಬ್ಬರು ಹೇಳಿದ ಕಥೆಯನ್ನು ಇನ್ನೊಬ್ಬರು ಮುಂದುವರಿಸುವುದು ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಪಂಪ, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡು ಭಾರತವನ್ನು ಹೇಳಿದ. ಕುಮಾರವ್ಯಾಸ ಅದೇ ಭಾರತವನ್ನು ಬೇರೆಯೇ ಬಗೆಯಲ್ಲಿ ಹಾಡಿದ. ಉತ್ತರ ಕನ್ನಡದ ತಾಳಮದ್ದಳೆಯಲ್ಲಂತೂ ಪ್ರಸಂಗದ ಪದ್ಯ ಒಂದೇ. ಕರ್ಣನ ಬಾಯಿಂದ ಬರುವ ಮಾತು ಮಾತ್ರ ಅರ್ಥಧಾರಿಗೊಂದು, ರಾತ್ರಿಗೊಂದು. ಪ್ರೇಕ್ಷಕರು ಕೇಳಲು ಬರುವುದೂ ಆ ಹೊಸ ಮಾತನ್ನೇ.

ಹಾಗಾದರೆ ಕಥೆ ಎಲ್ಲರ ಸ್ವತ್ತೇ? ಇಲ್ಲಿ ಒಂದು ನಿಜವಾದ ಮೊಕದ್ದಮೆಯನ್ನು ನೋಡಬೇಕು. ಡಾ. ಶಿವರಾಮ ಕಾರಂತರು ಯಕ್ಷಗಾನದ ರಾಗ, ತಾಳ, ವೇಷ, ರಂಗಸಜ್ಜಿಕೆಗಳಲ್ಲಿ ಬದಲಾವಣೆ ತಂದು 'ಯಕ್ಷರಂಗ' ಎಂಬ ಹೊಸ ನೃತ್ಯರೂಪವನ್ನು ಕಟ್ಟಿದರು. ಭೀಷ್ಮವಿಜಯ, ನಳದಮಯಂತಿ, ಅಭಿಮನ್ಯು ವಧೆ ಮೊದಲಾದ ಏಳು ಪ್ರಸಂಗಗಳನ್ನು ಆ ಕ್ರಮಕ್ಕೆ ಒಗ್ಗಿಸಿದರು. 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಒಬ್ಬರಿಗೆ ಬರೆದಿಟ್ಟು, 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿಸಿದಾಗ, ತಮ್ಮ ಅನುಮತಿ ಪಡೆದಿಲ್ಲವೆಂದು ಹಕ್ಕುದಾರರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ನಡೆದು 2009ರ ಜನವರಿಯಲ್ಲಿ ತೀರ್ಪು ಬಂತು.

ತೀರ್ಪಿನ ಸಾರ ಇಷ್ಟು. ಅಭಿಮನ್ಯು ಯಾರ ಸ್ವತ್ತೂ ಅಲ್ಲ. ಆದರೆ ಕಾರಂತರು ಕಟ್ಟಿದ ಆ ರೂಪಕ್ಕೆ ಹಕ್ಕು ಉಂಟು, ಅದು ಉಯಿಲು ಪಡೆದವರಿಗೆ ಸೇರಿದ್ದು. ಅದರ ಜೊತೆಗೇ ಇನ್ನೊಂದು ಮಾತನ್ನೂ ಕೋರ್ಟು ಸೇರಿಸಿತು: ಕಾನೂನೇ ಕೊಟ್ಟಿರುವ ವಿನಾಯಿತಿಗಳ ಒಳಗೆ ಬರುವ ಪ್ರದರ್ಶನವಾದರೆ ಸಂಸ್ಥೆ ಅದನ್ನು ಮಾಡಬಹುದು.

ಆ ವಿನಾಯಿತಿಗಳಲ್ಲಿ ಒಂದು ನೇರವಾಗಿ ಶಾಲೆಗಳಿಗೆ ಸಂಬಂಧಿಸಿದ್ದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಹೀಗೆನ್ನುತ್ತದೆ: ವಿದ್ಯಾಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಶಿಕ್ಷಕರು, ವಿದ್ಯಾರ್ಥಿಗಳು ಒಂದು ಸಾಹಿತ್ಯಕೃತಿಯನ್ನೋ ನಾಟಕವನ್ನೋ ಪ್ರದರ್ಶಿಸಿದರೆ, ನೋಡುವವರು ಶಿಕ್ಷಕರು, ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಸಂಸ್ಥೆಗೆ ನೇರವಾಗಿ ಸಂಬಂಧಪಟ್ಟವರು ಮಾತ್ರ ಆಗಿದ್ದರೆ, ಅದು ಹಕ್ಕಿನ ಉಲ್ಲಂಘನೆಯಲ್ಲ. ಕೃತಿಯ ರೂಪಾಂತರಕ್ಕೂ ಇದೇ ನಿಯಮ. ಎಂದರೆ 'ಕರ್ವಾಲೋ'ದ ಒಂದು ಪ್ರಸಂಗವನ್ನು ನಾಟಕ ಮಾಡಿ ಶಾಲೆಯ ಗ್ಯಾದರಿಂಗಿನಲ್ಲಿ ಅಪ್ಪ ಅಮ್ಮಂದಿರ ಎದುರು ಆಡಬಹುದು. ಅದೇ ನಾಟಕವನ್ನು ಟಿಕೆಟ್ ಇಟ್ಟು ಜಾತ್ರೆಯಲ್ಲಿ ಆಡಬೇಕೆಂದರೆ ಅನುಮತಿ ಪಡೆಯಬೇಕು.

ನೇರಳೆ ಶಾಯಿಯ ಕಾಲ

ಬೆಂಚಿನ ಕೆಳಗಿನ ಪತ್ರಿಕೆಗೆ ಪ್ರಪಂಚದಲ್ಲಿ ದೊಡ್ಡ ಬಳಗವೇ ಇದೆ. ಅಮೆರಿಕದಲ್ಲಿ 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬುವರು 'ಅಮೇಜಿಂಗ್ ಸ್ಟೋರೀಸ್' ಎಂಬ ವಿಜ್ಞಾನಕಥೆಗಳ ಮಾಸಿಕವನ್ನು ಆರಂಭಿಸಿದರು. ಓದುಗರ ಪತ್ರಗಳನ್ನು ಅವರ ವಿಳಾಸದ ಸಮೇತ ಅಚ್ಚು ಹಾಕುತ್ತಿದ್ದರು. ವಿಳಾಸ ಸಿಕ್ಕಿದ್ದೇ ತಡ, ಓದುಗರು ಒಬ್ಬರಿಗೊಬ್ಬರು ಬರೆಯತೊಡಗಿದರು; ಸಂಘ ಕಟ್ಟಿದರು. 1930ರಲ್ಲಿ ಶಿಕಾಗೋದ ಇಂಥ ಸಂಘವೊಂದು 'ದಿ ಕಾಮೆಟ್' ಎಂಬ ಪತ್ರಿಕೆ ಹೊರಡಿಸಿತು. ಅಭಿಮಾನಿಗಳೇ ಬರೆದು, ಅಭಿಮಾನಿಗಳೇ ಹಂಚಿಕೊಳ್ಳುವ ಇಂಥ ಪತ್ರಿಕೆಗೆ 1940ರಲ್ಲಿ 'ಫ್ಯಾನ್‌ಜಿನ್' ಎಂಬ ಹೆಸರು ಬಿತ್ತು. 1967ರಲ್ಲಿ 'ಸ್ಟಾರ್ ಟ್ರೆಕ್' ಟಿ.ವಿ. ಸರಣಿಯ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಪತ್ರಿಕೆ ತಂದ ಮೇಲೆ, ಮೆಚ್ಚಿನ ಪಾತ್ರಗಳಿಗೆ ಹೊಸ ಕಥೆ ಕಟ್ಟುವ ಹವ್ಯಾಸಕ್ಕೆ ರೆಕ್ಕೆ ಬಂತು. ಇವು ಅಂಗಡಿಯಲ್ಲಿ ಮಾರಾಟಕ್ಕಿರಲಿಲ್ಲ. ಅಂಚೆಯಲ್ಲಿ ಗೆಳೆಯರಿಗಷ್ಟೇ ಹೋಗುತ್ತಿದ್ದವು. ಪಾತ್ರದ ಒಡೆಯರು ಕಂಡರೆ ಏನನ್ನುತ್ತಾರೋ ಎಂಬ ಅಳುಕು ಇದ್ದೇ ಇತ್ತು. ಆ ಅರ್ಥದಲ್ಲಿ ಅವು ಭೂಗತ ಪತ್ರಿಕೆಗಳು.

ಅವನ್ನು ಅಚ್ಚು ಮಾಡಿದ ಬಗೆಯೂ ಸ್ವಾರಸ್ಯದ್ದು. ಜೆಲಾಟಿನ್ ಮತ್ತು ಗ್ಲಿಸರಿನ್ ಸೇರಿಸಿ ಕಾಯಿಸಿ, ತಟ್ಟೆಯಲ್ಲಿ ಹಲ್ವದಂತೆ ಹೆಪ್ಪುಗಟ್ಟಿಸುತ್ತಿದ್ದರು. ಅನಿಲೀನ್ ಬಣ್ಣದ ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿದರೆ ಶಾಯಿ ಜೆಲಾಟಿನ್ನಿಗೆ ಇಳಿಯುತ್ತದೆ. ಆಮೇಲೆ ಒಂದೊಂದೇ ಬಿಳಿ ಹಾಳೆ ಒತ್ತಿ ಎಬ್ಬಿಸಿದರೆ ಪ್ರತಿಗಳು ಬರುತ್ತವೆ. ಸುಮಾರು ಐವತ್ತರ ಹೊತ್ತಿಗೆ ಶಾಯಿ ತೀರಿ ಅಕ್ಷರ ಮಸುಕಾಗುತ್ತದೆ. ಇನ್ನೊಂದು ಬಗೆ ಸೈಕ್ಲೋಸ್ಟೈಲ್. ಮೇಣ ಬಳಿದ ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದು, ಆ ಗೆರೆಗಳ ಮೂಲಕ ಶಾಯಿ ಹಾಯಿಸುವುದು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಸೈಕ್ಲೋಸ್ಟೈಲ್ ಆಗಿ ಕೈಗೆ ಬರುತ್ತಿದ್ದದ್ದು, ಬೆರಳಿಗೆ ಶಾಯಿ ಮೆತ್ತಿಕೊಳ್ಳುತ್ತಿದ್ದದ್ದು ಎಷ್ಟೋ ಪಾಲಕರಿಗೆ ನೆನಪಿರಬಹುದು.

ಭಾರತದಲ್ಲಿ ಈ ಯಂತ್ರಕ್ಕೆ ಕಾನೂನಿನ ಗಂಟೂ ಇತ್ತು. ಬ್ರಿಟಿಷರ ಕಾಲದ, 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯಿದೆಯಲ್ಲಿ 'ಮುದ್ರಣ' ಎಂದರೆ ಸೈಕ್ಲೋಸ್ಟೈಲೂ ಸೇರಿತ್ತು. ಮುದ್ರಿಸಿದ ಹಾಳೆಯ ಮೇಲೆ ಮುದ್ರಕರ ಹೆಸರು, ಊರು ಇರಲೇಬೇಕು ಎಂಬುದು ನಿಯಮ. ಹೆಸರಿಲ್ಲದ ಸೈಕ್ಲೋಸ್ಟೈಲ್ ಹಾಳೆ ಅದರ ಒಳಗಿನ ಕಥೆ ಎಷ್ಟೇ ಸಾಧುವಾಗಿದ್ದರೂ ತಪ್ಪಾಗುತ್ತಿತ್ತು. ಕೈಯಲ್ಲಿ ಬರೆದ ಪತ್ರಿಕೆಗೆ ಈ ತೊಡಕಿರಲಿಲ್ಲ. ಆ ಹಳೆಯ ಕಾಯಿದೆಯ ಜಾಗಕ್ಕೆ 2023ರ ಹೊಸ ನಿಯತಕಾಲಿಕಗಳ ಕಾಯಿದೆ ಬಂದು, 2024ರ ಮಾರ್ಚಿನಿಂದ ಜಾರಿಯಲ್ಲಿದೆ. ಅದು ನೋಡುವುದು ಕ್ರಮವಾಗಿ ಮುದ್ರಣವಾಗುವ, ಸಾರ್ವಜನಿಕ ಸುದ್ದಿ ಮತ್ತು ಅದರ ಮೇಲಿನ ಟೀಕೆ ಇರುವ ಪತ್ರಿಕೆಗಳನ್ನು. ಮಕ್ಕಳ ಕಥೆಯ ಕೈಬರಹದ ಪತ್ರಿಕೆ ಅದರ ದಾರಿಗೆ ಅಡ್ಡ ಬರುವುದಿಲ್ಲ.

ಬೇಲಿ ಇರುವುದು ಯಾವುದಕ್ಕೆ?

ಕೃತಿಸ್ವಾಮ್ಯದ ಮೂಲಸೂತ್ರವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಯೋಚನೆಗೆ ಬೇಲಿಯಿಲ್ಲ, ಅದನ್ನು ಹೇಳಿದ ರೂಪಕ್ಕೆ ಬೇಲಿ ಇದೆ. 1978ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಆರ್.ಜಿ. ಆನಂದ್ ಎಂಬ ನಾಟಕಕಾರರು, ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನೇ ಕದ್ದು 1956ರ 'ನ್ಯೂ ಡೆಲ್ಲಿ' ಚಲನಚಿತ್ರ ಮಾಡಿದ್ದಾರೆಂದು ದೂರಿದ್ದರು. ಪ್ರಾಂತ್ಯಾಭಿಮಾನ ಎಂಬ ವಿಷಯ ಎರಡರಲ್ಲೂ ಒಂದೇ ಇರಬಹುದು, ಆದರೆ ಕಥೆಯನ್ನು ಬೆಳೆಸಿದ ಬಗೆ ಬೇರೆ, ಆದ್ದರಿಂದ ಇದು ನಕಲಲ್ಲ ಎಂದು ಕೋರ್ಟು ಹೇಳಿತು.

ವಿಜ್ಞಾನದ ಸಂಗತಿಗಳಿಗಂತೂ ಬೇಲಿಯೇ ಇಲ್ಲ. ಹಾರುವ ಓತಿಯ ಪಕ್ಕೆಲುಬುಗಳು ಉದ್ದವಾಗಿ ಚರ್ಮದ ಪೊರೆಯನ್ನು ಕೊಡೆಯಂತೆ ಬಿಡಿಸುತ್ತವೆ. ಅದು ನಿಜಕ್ಕೂ ಹಾರುವುದಲ್ಲ, ತೇಲುವುದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕುಳಿತು ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ; ಗಂಡು ಹಕ್ಕಿ ಕಿರಿದಾದ ಸೀಳಿನಿಂದ ಹಣ್ಣು ಉಣಿಸುತ್ತದೆ. ಇವು ಯಾರ ಅಪ್ಪಣೆಯೂ ಇಲ್ಲದೆ ಯಾರೂ ಬರೆಯಬಹುದಾದ ಸತ್ಯಗಳು. ಆದರೆ ಇದೇ ಸತ್ಯವನ್ನು ಒಂದು ಪುಸ್ತಕ ಹೇಳಿದ ಪ್ಯಾರಾವನ್ನು ಅಲ್ಪವಿರಾಮವೂ ಬಿಡದೆ ಇಳಿಸಿಕೊಂಡರೆ ಅದು ನಕಲು. ದಾಂಡೇಲಿಯಲ್ಲಿ ಬೆಳಿಗ್ಗೆ ಎದ್ದು ಮಂಗಟ್ಟೆಯನ್ನು ಸ್ವತಃ ನೋಡಬಲ್ಲ ಮಗು, ಪುಸ್ತಕದ ಪ್ಯಾರಾವನ್ನು ಇಳಿಸುವುದೇಕೆ?

ಪಾತ್ರಗಳ ವಿಷಯ ಸ್ವಲ್ಪ ಬಿಗಿ. ಹೆಸರು, ರೂಪ, ಸ್ವಭಾವಗಳಿಂದ ಚೆನ್ನಾಗಿ ಬೆಳೆದುನಿಂತ ಪಾತ್ರಕ್ಕೂ ನ್ಯಾಯಾಲಯಗಳು ರಕ್ಷಣೆ ಕೊಟ್ಟಿವೆ. ಹಿಂದಿ ಕಾಮಿಕ್ಸಿನ 'ನಾಗರಾಜ್' ಹಾವಿನ ಶಕ್ತಿಯುಳ್ಳ ನಾಯಕ. ಇನ್ನೊಬ್ಬ ಪ್ರಕಾಶಕರು ಅದನ್ನೇ ಹೋಲುವ 'ನಾಗೇಶ್'ನನ್ನು ಮಾರುಕಟ್ಟೆಗೆ ಬಿಟ್ಟಾಗ, 1997ರಲ್ಲಿ ದೆಹಲಿ ಹೈಕೋರ್ಟು ತಡೆಯೊಡ್ಡಿತು. ಇಲ್ಲಿ ನಡೆದದ್ದು ವ್ಯಾಪಾರಕ್ಕೆ ವ್ಯಾಪಾರದ ಪೈಪೋಟಿ ಎಂಬುದನ್ನು ಗಮನಿಸಬೇಕು.

ಹ್ಯಾರಿ ಪಾಟರ್ ಕಂಡ ಕಲ್ಕತ್ತಾ ಇನ್ನೂ ಒಳ್ಳೆಯ ಉದಾಹರಣೆ. 2003ರಲ್ಲಿ ಉತ್ತಮ್ ಘೋಷ್ ಎಂಬ ಬಂಗಾಳಿ ಲೇಖಕರು, ಹ್ಯಾರಿ ಪಾಟರ್ ಕಲ್ಕತ್ತಾಕ್ಕೆ ಬರುವ ಕಥೆ ಬರೆದರು. ಜೋಯಿಡಾದ ಹುಡುಗಿ ಕರ್ವಾಲೋರನ್ನು ಕರೆತಂದಂತೆಯೇ ಇದೂ. ಆದರೆ ಅದು ಪುಸ್ತಕವಾಗಿ ಮಾರಾಟಕ್ಕೆ ಬಂತು. ಕಾನೂನು ಕ್ರಮದ ಎಚ್ಚರಿಕೆ ಬಂದೊಡನೆ ಪ್ರಕಾಶಕರು ಪುಸ್ತಕವನ್ನು ಹಿಂತೆಗೆದರು. 2007ರಲ್ಲಿ ಅದೇ ಊರಿನ ದುರ್ಗಾಪೂಜೆಯ ಚಪ್ಪರವೊಂದನ್ನು ಪಾಟರ್ ಓದುವ ಶಾಲೆಯ ಕೋಟೆಯ ಆಕಾರದಲ್ಲಿ ಕಟ್ಟಿದ್ದರು. ಆಗಲೂ ಮೊಕದ್ದಮೆ ಆಯಿತು. ಆದರೆ ಆ ವರ್ಷದ ಹಬ್ಬದ ಮಟ್ಟಿಗೆ ಚಪ್ಪರ ಇರಲಿ ಎಂದಿತು ದೆಹಲಿ ಹೈಕೋರ್ಟು. ಪಾಟರ್ ಕಥೆಗಳ ಲೇಖಕಿ ರೌಲಿಂಗ್ ಅವರ ಕಡೆಯವರು 2004ರಲ್ಲೇ ಒಂದು ಮಾತು ತಿಳಿಸಿದ್ದರು: ಅಭಿಮಾನಿಗಳು ಹಣಕ್ಕಾಗಿ ಅಲ್ಲದೆ, ಅಶ್ಲೀಲವಿಲ್ಲದೆ ಬರೆದುಕೊಂಡರೆ ಲೇಖಕಿಯ ಅಭ್ಯಂತರವಿಲ್ಲ.

ನೆರೆಯ ಕೇರಳದ್ದು ಮತ್ತೊಂದು ಬಗೆ. ತೋಪ್ಪಿಲ್ ಭಾಸಿಯವರು 1952ರಲ್ಲಿ ಬರೆದ 'ನೀವು ನನ್ನನ್ನು ಕಮ್ಯುನಿಸ್ಟ್ ಮಾಡಿದಿರಿ' ಎಂಬ ಅರ್ಥದ ಹೆಸರಿನ ಮಲಯಾಳಂ ನಾಟಕ ಮನೆಮಾತಾಗಿತ್ತು. ದಶಕಗಳ ಬಳಿಕ ಸಿವಿಕ್ ಚಂದ್ರನ್ ಅವರು ಅದೇ ಪಾತ್ರಗಳನ್ನೂ ಕೆಲವು ಮಾತುಗಳನ್ನೂ ಎತ್ತಿಕೊಂಡು, 'ನೀವು ಯಾರನ್ನು ಕಮ್ಯುನಿಸ್ಟ್ ಮಾಡಿದಿರಿ?' ಎಂದು ಕೇಳುವ ಪ್ರತಿನಾಟಕ ಬರೆದರು. ಭಾಸಿಯವರ ವಾರಸುದಾರರು ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ಕೇರಳ ಹೈಕೋರ್ಟು ಮೂರು ಪ್ರಶ್ನೆ ಹಾಕಿಕೊಂಡಿತು: ಮೂಲದಿಂದ ಎಷ್ಟು ತೆಗೆದುಕೊಂಡಿದ್ದಾರೆ? ಯಾವ ಉದ್ದೇಶಕ್ಕೆ? ಮೂಲಕೃತಿಯ ಮಾರುಕಟ್ಟೆಗೆ ಇದು ಪೈಪೋಟಿ ಆಗುತ್ತದೆಯೇ? ಉದ್ದೇಶ ವಿಮರ್ಶೆ, ಪೈಪೋಟಿ ಇಲ್ಲ ಎಂದು ಕಂಡು ಪ್ರತಿನಾಟಕಕ್ಕೆ ದಾರಿ ಬಿಟ್ಟಿತು. ಇನ್ನೊಬ್ಬರ ಪಾತ್ರ ಎತ್ತಿಕೊಳ್ಳುವ ಯಾರೇ ಆಗಲಿ ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಈ ಮೂರೇ.

ಬೆಂಚಿನ ಕೆಳಗೆ ಎಷ್ಟು ಅಪಾಯ?

ಮೊದಲಿಗೆ ನೋಟುಬುಕ್ಕು. ಖಾಸಗಿ ಉಪಯೋಗಕ್ಕೆ ಮಾಡುವ ನ್ಯಾಯಯುತ ಬಳಕೆಯನ್ನು 52ನೆಯ ಕಲಮು ಒಪ್ಪುತ್ತದೆ. ಕಥೆಯನ್ನು ತನಗಾಗಿ ಬರೆದುಕೊಳ್ಳುವುದು, ಮನೆಯಲ್ಲಿ ಓದಿ ಹೇಳುವುದು ಇವಕ್ಕೆ ಯಾರ ಅಪ್ಪಣೆಯೂ ಬೇಡ. ಹೊಲಿದ ಒಂದೇ ಒಂದು ಕೈಬರಹದ ಪ್ರತಿ ಇಡೀ ತರಗತಿಗೆ ಸುತ್ತಿದರೂ ಎರಡನೆಯ ಪ್ರತಿ ಹುಟ್ಟಿಲ್ಲ ಎಂಬುದು ನೆನಪಿರಲಿ.

ಝೆರಾಕ್ಸ್ ಅಂಗಡಿಗೆ ಹೋದಲ್ಲಿಂದ ಲೆಕ್ಕ ಬದಲಾಗುತ್ತದೆ. ಜೆಲಾಟಿನ್ ತಟ್ಟೆ ಐವತ್ತಕ್ಕೆ ದಣಿಯುತ್ತಿತ್ತು. ಸ್ಥಾಯಿ ವಿದ್ಯುತ್ತಿನ ಯಂತ್ರ ದಣಿಯುವುದಿಲ್ಲ. ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿದರಂತೂ ಅದು ಎಷ್ಟು ಜನರಿಗೆ ಮುಟ್ಟಿತೆಂದು ಬರೆದವರಿಗೇ ಗೊತ್ತಾಗುವುದಿಲ್ಲ. ಖಾಸಗಿ ಎಂಬ ಮಾತು ಅಲ್ಲಿಗೆ ತೆಳುವಾಗುತ್ತದೆ. ಹಣ ಪಡೆದು ಮಾರಿದರೆ ಮುಗಿಯಿತು. ಅದು ಅಭ್ಯಾಸವಲ್ಲ, ವ್ಯಾಪಾರ. ತಿಳಿದೂ ತಿಳಿದೂ ಹಕ್ಕನ್ನು ಉಲ್ಲಂಘಿಸಿದವರಿಗೆ ಕಾಯಿದೆಯ 63ನೆಯ ಕಲಮು 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಹೇಳುತ್ತದೆ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕಾರಣ ದಾಖಲಿಸಿ ಶಿಕ್ಷೆ ಕಡಿಮೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಕಾಲದ ಮಾತೂ ಇದೆ. ಭಾರತದಲ್ಲಿ ಲೇಖಕರ ಹಕ್ಕು ಅವರ ಜೀವಿತಕಾಲ ಮತ್ತು ಆಮೇಲೆ 60 ವರ್ಷ. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ಕರ್ವಾಲೋರ ಹಕ್ಕು 2067ರ ಕೊನೆಯವರೆಗೆ ಇರುತ್ತದೆ. ಸ್ವಾಮಿಯ ಸೃಷ್ಟಿಕರ್ತ ಆರ್.ಕೆ. ನಾರಾಯಣ್ 2001ರಲ್ಲಿ ತೀರಿಕೊಂಡರು, ಅಲ್ಲಿಗೆ 2061. ಹಾಗೆಯೇ 1963ರಲ್ಲಿ ನಿಧನರಾದ ತ್ರಿವೇಣಿ ಮತ್ತು ಗೋವಿಂದ ಪೈ ಅವರ ಕೃತಿಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. 1930ರಲ್ಲಿ ತೀರಿಕೊಂಡ ಕಾನನ್ ಡಾಯ್ಲ್‌ರ ಷರ್ಲಾಕ್ ಹೋಮ್ಸ್ ಎಂದೋ ಮುಕ್ತನಾಗಿದ್ದಾನೆ. ಅವನನ್ನು ಹಳಿಯಾಳದ ಕೋಟೆಗೆ ಕರೆತಂದು ಪತ್ತೇದಾರಿ ಮಾಡಿಸಿ ಅಚ್ಚು ಹಾಕಿಸಿದರೂ ಕೇಳುವವರಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾಯಿದೆಯ 57ನೆಯ ಕಲಮಿನಂತೆ, ಹಕ್ಕನ್ನು ಮಾರಿದ ಮೇಲೂ ಲೇಖಕರಿಗೆ ಎರಡು ವಿಶೇಷ ಹಕ್ಕು ಉಳಿಯುತ್ತವೆ. ಕೃತಿ ತನ್ನದೆಂದು ಹೇಳಿಕೊಳ್ಳುವುದು ಒಂದು. ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚುವುದನ್ನು ತಡೆಯುವುದು ಇನ್ನೊಂದು. ಆದ್ದರಿಂದ ಮೂಲ ಲೇಖಕರ ಹೆಸರು ಬಿಡಬಾರದು. ಪಾತ್ರಕ್ಕೆ ಕೆಸರು ಎರಚಬಾರದು.

ನೂರ ಮೂವತ್ತು ಡಾಲರಿನ ಪಾಠ

ಇದುವರೆಗೆ ಹೇಳಿದ್ದು ಇನ್ನೊಬ್ಬರ ಹಕ್ಕಿನ ಮಾತು. ಮಗುವಿನ ಹಕ್ಕಿನ ಮಾತನ್ನು ಯಾರೂ ಎತ್ತುವುದಿಲ್ಲ. ಕಥೆಯಲ್ಲಿ ಮಗು ಹೊಸದಾಗಿ ಸೇರಿಸಿದ ಭಾಗಕ್ಕೆ, ಚಿತ್ರಕ್ಕೆ, ಹುಟ್ಟಿಸಿದ ಪಾತ್ರಕ್ಕೆ ಆ ಮಗುವೇ ಕರ್ತೃ. ಇದಕ್ಕೆ ನೋಂದಣಿ ಕಡ್ಡಾಯವಲ್ಲ, ಶುಲ್ಕವೂ ಇಲ್ಲ; ಹಾಳೆಗೆ ಇಳಿದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ.

ಅದರ ಬೆಲೆ ಎಷ್ಟಾಗಬಹುದು? ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ಹುಡುಗರಿದ್ದರು. ಹೈಸ್ಕೂಲಿನ ದಿನಗಳಲ್ಲೇ ಸೈಕ್ಲೋಸ್ಟೈಲ್ ಮಾದರಿಯ ಒಂದು ವಿಜ್ಞಾನಕಥೆಯ ಪತ್ರಿಕೆ ನಡೆಸುತ್ತಿದ್ದರು. 1933ರ ಸಂಚಿಕೆಯೊಂದರಲ್ಲಿ ಸೀಗಲ್ ಬರೆದ, ಶಸ್ಟರ್ ಚಿತ್ರ ಬರೆದ ಒಂದು ಕಥೆ ಬಂತು. ಅದರಲ್ಲಿದ್ದ ದುಷ್ಟ ಪಾತ್ರದ ಹೆಸರು ಸೂಪರ್‌ಮ್ಯಾನ್. ಆಮೇಲೆ ಅವರೇ ಅವನನ್ನು ಒಳ್ಳೆಯವನನ್ನಾಗಿ ತಿದ್ದಿದರು. 1938ರಲ್ಲಿ ಅವನ ಹಕ್ಕನ್ನು ಪ್ರಕಾಶನ ಸಂಸ್ಥೆಯೊಂದಕ್ಕೆ 130 ಡಾಲರಿಗೆ ಬರೆದುಕೊಟ್ಟರು. ಸೂಪರ್‌ಮ್ಯಾನ್ ಜಗತ್ತನ್ನೇ ಗೆದ್ದ. ಹುಟ್ಟಿಸಿದವರು ದಶಕಗಳ ಕಾಲ ಕೋರ್ಟು ಅಲೆದರು. 1975ರಲ್ಲಿ ಕಂಪೆನಿ ಅವರಿಗೆ ವರ್ಷಾಶನವನ್ನೂ, ಸೃಷ್ಟಿಕರ್ತರೆಂಬ ಹೆಸರನ್ನೂ ಕೊಟ್ಟಿತು. ಒಂದು ರುಜುವಿನ ಬೆಲೆ ಅದು.

ಭಾರತದಲ್ಲಿ ಹಕ್ಕನ್ನು ವರ್ಗಾಯಿಸಲು ಬರಹದಲ್ಲಿ ರುಜು ಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದು ಕಾಯಿದೆಯೇ ಹೇಳುತ್ತದೆ. 18 ತುಂಬದವರು ಕರಾರು ಮಾಡಿಕೊಳ್ಳಲು ಬರುವುದಿಲ್ಲ. ಹೀಗಾಗಿ ಕಥಾಸ್ಪರ್ಧೆಯ ಅರ್ಜಿಯ ಮೇಲೆ ರುಜು ಕೇಳುವುದು ಪಾಲಕರದ್ದನ್ನೇ. ಬಹುಮಾನದ ಮೊತ್ತವನ್ನು ಓದಿದಷ್ಟೇ ಎಚ್ಚರದಿಂದ ಕೆಳಗಿನ ಸಣ್ಣ ಅಕ್ಷರದ ಸಾಲನ್ನೂ ಓದಬೇಕು. 'ಎಲ್ಲ ಹಕ್ಕುಗಳೂ ಸಂಘಟಕರಿಗೆ ಸೇರಿದ್ದು' ಎಂದಿದ್ದರೆ, ಎಷ್ಟು ಕಾಲಕ್ಕೆ, ಯಾವ ಬಳಕೆಗೆ ಎಂದು ಕೇಳುವುದು ಉದ್ಧಟತನವಲ್ಲ.

ಶಾಲೆ, ಮನೆ ಮಾಡಬಹುದಾದದ್ದು

ಬೆಂಚಿನ ಕೆಳಗಿನ ಪತ್ರಿಕೆಯನ್ನು ಬೆಂಚಿನ ಮೇಲಕ್ಕೆ ತರುವುದು ಮೊದಲ ಕೆಲಸ. ಅದಕ್ಕೆ ಬೇಕಾದದ್ದು ಗೋಡೆಯ ಮೇಲೊಂದು ಹಲಗೆ, ತಿಂಗಳಿಗೊಂದು ಹಸ್ತಪ್ರತಿ. ದಾಂಡೇಲಿಯಲ್ಲಿ 1955ರಿಂದ ಕಾಗದದ ಕಾರ್ಖಾನೆಯೇ ಇದೆ. ಈ ನೆಲದ ಮಕ್ಕಳಿಗೆ ಹಾಳೆಯ ಬರ ಇರಬಾರದು.

ಮೊದಲ ಪುಟದಲ್ಲಿ ಒಂದು ಸಾಲು ಕಡ್ಡಾಯ ಮಾಡಬಹುದು: 'ಕರ್ವಾಲೋ, ಮಂದಣ್ಣ ಪಾತ್ರಗಳು ಪೂರ್ಣಚಂದ್ರ ತೇಜಸ್ವಿಯವರವು, ಮುಂದಿನ ಕಥೆ ಎಂಟನೆಯ ಇಯತ್ತೆಯ ವಿದ್ಯಾರ್ಥಿನಿಯದು.' ಈ ಸಾಲು ಬರೆದ ಮಾತ್ರಕ್ಕೆ ಹಕ್ಕು ಸಿಕ್ಕಿಬಿಡುವುದಿಲ್ಲ. ಆದರೆ ಯಾವುದು ಸಾಲ, ಯಾವುದು ಸ್ವಂತ ಎಂದು ಬೇರ್ಪಡಿಸುವ ಅಭ್ಯಾಸ ಬೆಳೆಯುತ್ತದೆ. ಇನ್ನೊಬ್ಬರ ಸಾಲನ್ನು ತನ್ನದೆಂದು ತೋರಿಸುವುದು ಕೃತಿಚೌರ್ಯ; ಇದು ಕೋರ್ಟಿಗೆ ಹೋಗದಿದ್ದರೂ ತಪ್ಪೇ. ಮೂಲದ ವಾಕ್ಯ ಬೇಕೇ ಬೇಕಾದರೆ ಒಂದೆರಡು, ಉದ್ಧರಣೆಯ ಚಿಹ್ನೆಯೊಳಗೆ. ಸಿನಿಮಾ ಹಾಡನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಇಳಿಸುವುದು ಬೇಡ. ವಾರ್ಷಿಕ ಸಂಚಿಕೆಯಾಗಿ ಅಚ್ಚು ಹಾಕಿಸುವುದಾದರೆ ಹಕ್ಕುದಾರರಿಗೆ ಒಂದು ಪತ್ರ ಬರೆದು ಅನುಮತಿ ಕೇಳಬೇಕು. ಆ ಪತ್ರವನ್ನು ಮಕ್ಕಳಿಂದಲೇ ಬರೆಸಿದರೆ ಅದೂ ಒಂದು ಪಾಠ. 'ಆಗದು' ಎಂಬ ಉತ್ತರ ಬಂದರೆ ಪಾತ್ರದ ಹೆಸರು, ಊರು, ಸ್ವಭಾವ ಎಲ್ಲವನ್ನೂ ಬದಲಿಸಿ ಕಥೆಯನ್ನು ಮತ್ತೆ ಬರೆಯಬಹುದು. ಬಹಳ ಸಲ ಎರಡನೆಯ ಕಥೆಯೇ ಚೆನ್ನಾಗಿರುತ್ತದೆ.

ಏಕೆಂದರೆ ಸಾಲ ತಂದ ಪಾತ್ರಗಳನ್ನು ಈ ಕಾಡಿನಲ್ಲಿ ನಡೆಸುತ್ತ ಹೋದಂತೆ, ಅವರಿಗೆ ದಾರಿ ತೋರಿಸುವ ಒಬ್ಬರು ಬೇಕಾಗುತ್ತಾರೆ. ಆ ಒಬ್ಬರು ಪುಸ್ತಕದಲ್ಲಿ ಸಿಗುವುದಿಲ್ಲ. ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂದೇ ಹೆಸರು. ತಾಲ್ಲೂಕಿನ ಕೇಂದ್ರವಾಗಿದ್ದ ಆ ಊರು, ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದಾಗ ನೀರಿನಡಿ ಹೋಯಿತು. ಮುಳುಗಡೆಯಾದ ಮನೆಗಳವರು ರಾಮನಗರಕ್ಕೆ, ಇನ್ನೆಲ್ಲಿಗೋ ಚದುರಿದರು. ಆ ಪೇಟೆಯ ಸಂತೆ, ದೇವಸ್ಥಾನದ ಮೆಟ್ಟಿಲು, ಮನೆ ಬಿಟ್ಟ ದಿನದ ಗಾಡಿ ಇವೆಲ್ಲ ಈಗ ಇರುವುದು ಕೆಲವು ಅಜ್ಜ ಅಜ್ಜಿಯರ ಬಾಯಲ್ಲಿ. ಕರ್ವಾಲೋರಿಗೆ ದಾರಿ ತೋರಿಸಲೆಂದು ಕಥೆಗೆ ಬಂದ ಸೂಪಾದ ಅಜ್ಜಿ, ನಾಲ್ಕನೆಯ ಪುಟದ ಹೊತ್ತಿಗೆ ಕರ್ವಾಲೋರನ್ನು ಬದಿಗೆ ಸರಿಸಿ ತಾನೇ ಮಾತಾಡತೊಡಗಿದರೆ ಹುಡುಗಿ ತಡೆಯಬಾರದು. ಆ ಅಜ್ಜಿಯ ಕಥೆಯನ್ನು ಇನ್ನೂ ಯಾರೂ ಬರೆದಿಲ್ಲ. ಬರೆದರೆ ಅದರ ಹಕ್ಕು ಆ ಹುಡುಗಿಯದು.